ಚಿಯರ್‌ಲೀಡಿಂಗ್ ತಂಡಕ್ಕೆ ಸಮವಸ್ತ್ರ ಆರಿಸುವುದು ಹೇಗೆ? ಮುಂಬಯಿಯ ಶಾಲೆ, ಕಾಲೇಜು, ಸಂಘಗಳ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ಚಿಯರ್‌ಲೀಡಿಂಗ್ ತಂಡದ ಸಮವಸ್ತ್ರದ ಮಾತು ಶುರುವಾಗುವುದು ಸಾಮಾನ್ಯವಾಗಿ ಯಾರದೋ ಮೊಬೈಲಿನಲ್ಲಿರುವ ಒಂದು ಫೋಟೊದಿಂದ. "ಇದೇ ತರಹ ಹೊಲಿಸೋಣ" ಎಂದು ಒಬ್ಬಳು ತೋರಿಸುತ್ತಾಳೆ. ಎಲ್ಲರೂ ಹೂಂ ಅನ್ನುತ್ತಾರೆ. ಮಾರನೇ ದಿನ ಟೈಲರ್ ಅಂಗಡಿಗೆ ಹೋಗುತ್ತಾರೆ. ಆದರೆ ಆ ಫೋಟೊದಲ್ಲಿರುವ ಹುಡುಗಿ ಸೊಂಟದ ಮೇಲೆ ಕೈ ಇಟ್ಟು ಸುಮ್ನೆ ನಿಂತಿರುತ್ತಾಳೆ. ನಿಮ್ಮ ತಂಡ ಹಾಗೆ ನಿಲ್ಲುವುದಿಲ್ಲ. ಕೈ ಎತ್ತುತ್ತದೆ, ಬಾಗುತ್ತದೆ, ಜಿಗಿಯುತ್ತದೆ, ಒಬ್ಬರನ್ನೊಬ್ಬರು ಹೆಗಲ ಮೇಲೆ ಹೊರುತ್ತದೆ. ಅದೂ ಮುಂಬಯಿಯ ಸೆಕೆಯಲ್ಲಿ, ಬೆವರು ಸುರಿಸಿಕೊಂಡು.

ಹಾಗಾಗಿ ಈ ಬರಹದ ಉದ್ದಕ್ಕೂ ನಾನು ಹೇಳುವುದು ಒಂದೇ ವಿಷಯ: ಕೈ ಎತ್ತಿದಾಗ ಹೇಗಿರುತ್ತದೆ ಎಂದು ನೋಡಿ ಬಟ್ಟೆ ಆರಿಸಿ. ನಿಂತಾಗ ಚೆಂದ ಕಾಣುವುದು ಆಮೇಲಿನ ಮಾತು. ಬಣ್ಣ, ಹೆಸರು, ಮಿನುಗು ಎಲ್ಲ ಕೊನೆಗೆ ಬರಲಿ.

ಮಾಟುಂಗಾ, ವಡಾಲಾ, ಡೊಂಬಿವಲಿ ಕಡೆಯ ಕನ್ನಡದ ಮಕ್ಕಳ ತಂಡಗಳಿಗೆ ಬಟ್ಟೆ ಆರಿಸುವ ಕೆಲಸದಲ್ಲಿ ಕೈ ಜೋಡಿಸುತ್ತಾ ಬಂದಿದ್ದೇನೆ. ಶಾಲೆಯ ಕ್ರೀಡಾದಿನ, ಕಾಲೇಜು ಫೆಸ್ಟ್, ನಮ್ಮ ಸಂಘಗಳ ವಾರ್ಷಿಕ ಕ್ರೀಡಾಕೂಟ, ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನಿಮ್ಮ ತಂಡ ಏನು ಮಾಡುತ್ತದೆ?

ಚಿಯರ್‌ಲೀಡಿಂಗ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು ಐಪಿಎಲ್. 2008ರಲ್ಲಿ ಮೊದಲ ಸೀಸನ್ ಶುರುವಾದಾಗ ಬೌಂಡರಿ ಗೆರೆಯ ಆಚೆ ಕುಣಿಯುವವರನ್ನು ಟಿವಿಯಲ್ಲಿ ನೋಡಿ ಈ ಪದ ಮನೆಮನೆಗೆ ಬಂತು. ಅವರ ಉಡುಪಿನ ಮೂಲ ಅಮೆರಿಕದ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡಗಳ ನೃತ್ಯ ತಂಡಗಳಲ್ಲಿದೆ. 1972ರಲ್ಲಿ ಡಲ್ಲಾಸ್ ಕೌಬಾಯ್ಸ್ ಎಂಬ ಅಂಥ ಒಂದು ತಂಡದ ಚಿಯರ್‌ಲೀಡರ್‌ಗಳು ನೀಲಿ, ಬಿಳಿ, ನಕ್ಷತ್ರಗಳ ಉಡುಪು ತೊಟ್ಟು ಬಂದ ಮೇಲೆ ಆ ಶೈಲಿ ಎಲ್ಲ ಕಡೆ ಹರಡಿತು. ಅದು ಕುಣಿತಕ್ಕೆ, ಅದರಲ್ಲೂ ಟಿವಿ ಕ್ಯಾಮೆರಾಕ್ಕೆ ಮಾಡಿದ ಉಡುಪು. ಒಬ್ಬರನ್ನು ಎತ್ತಿ ಹಿಡಿಯುವ ಕೆಲಸಕ್ಕೆ ಮಾಡಿದ್ದಲ್ಲ.

ಶಾಲೆ ಕಾಲೇಜುಗಳ ಚಿಯರ್‌ಲೀಡಿಂಗ್‌ನ ಕಥೆ ಬೇರೆ, ಇದಕ್ಕಿಂತ ಹಳೆಯದು. 1898ರ ನವೆಂಬರ್ 2ರಂದು ಮಿನೆಸೋಟ ವಿಶ್ವವಿದ್ಯಾಲಯದ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಘೋಷಣೆ ಕೂಗಿಸಿದ್ದರಿಂದ ಇದು ಶುರುವಾಯಿತು ಎನ್ನುತ್ತಾರೆ. ಆಗ ಇದು ಗಂಡಸರ ಕೆಲಸ. ಹುಡುಗಿಯರು ಬಂದದ್ದು 1920ರ ದಶಕದಲ್ಲಿ. ಮುಂದೆ ಜಿಮ್ನಾಸ್ಟಿಕ್ಸ್, ಪಿರಮಿಡ್, ಜಿಗಿತ ಎಲ್ಲ ಸೇರಿ ಈಗ ಅದೊಂದು ಪೂರ್ತಿ ಕ್ರೀಡೆ. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಕ್ರೀಡೆಯ ಜಾಗತಿಕ ಸಂಸ್ಥೆಯಾದ ಇಂಟರ್‌ನ್ಯಾಷನಲ್ ಚಿಯರ್ ಯೂನಿಯನ್‌ಗೆ ಪೂರ್ಣ ಮಾನ್ಯತೆಯನ್ನೂ ಕೊಟ್ಟಿದೆ.

ಈ ಇತಿಹಾಸ ಯಾಕೆ ಹೇಳಿದೆ ಅಂದರೆ, ನಿಮ್ಮ ತಂಡ ಈ ಎರಡರಲ್ಲಿ ಯಾವ ಕಡೆಯದು ಎಂದು ತಿಳಿದರೆ ಅರ್ಧ ಪ್ರಶ್ನೆ ಮುಗಿಯುತ್ತದೆ. ಕೋಚ್ ಜೊತೆ ಕುಳಿತು ಪೂರ್ತಿ ರೂಟೀನ್, ಅಂದರೆ ತಂಡ ಮಾಡುವ ಇಡೀ ಪ್ರದರ್ಶನ, ಒಮ್ಮೆ ನೋಡಿ. ಬರೀ ಕುಣಿತ ಮತ್ತು ಪೋಮ್‌ಪೋಮ್ (ಕೈಯಲ್ಲಿ ಹಿಡಿದು ಅಲ್ಲಾಡಿಸುವ ಬಣ್ಣದ ಕುಚ್ಚು) ಇದ್ದರೆ ಬಟ್ಟೆಯಲ್ಲಿ ಸ್ವಾತಂತ್ರ್ಯ ಜಾಸ್ತಿ. ಯಾರನ್ನಾದರೂ ಎತ್ತುವುದಿದ್ದರೆ, ಪಲ್ಟಿ ಇದ್ದರೆ, ಪ್ರತಿಯೊಂದು ಹೊಲಿಗೆಯೂ ಸುರಕ್ಷತೆಯ ವಿಷಯವಾಗುತ್ತದೆ. ಗ್ಯಾಲರಿಯ ಮುಂದೆ ನಿಂತು ಘೋಷಣೆ ಕೂಗಿ ಜನರನ್ನು ಹುರಿದುಂಬಿಸುವುದಷ್ಟೇ ಇದ್ದರೆ ಒಂದು ಒಳ್ಳೆಯ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್ ಸಾಕು. ಅಂಥ ತಂಡಕ್ಕೆ ಸ್ಕರ್ಟು, ಲೈನರು (ಒಳಗೆ ಹಾಕುವ ಬಿಗಿ ಅಂಗಿ) ಎಂದು ದುಡ್ಡು ಖರ್ಚು ಮಾಡಿಸಬೇಡಿ.

ಎತ್ತುವ ತಂಡದಲ್ಲಿ ಮೇಲೆ ಹೋಗುವವಳಿಗೆ ಫ್ಲೈಯರ್ ಎನ್ನುತ್ತಾರೆ, ಕೆಳಗೆ ಹೊರುವವರು ಬೇಸ್, ಬಿದ್ದರೆ ಹಿಡಿಯಲು ನಿಂತವರು ಸ್ಪಾಟರ್. ಬಟ್ಟೆ ಆರಿಸುವಾಗ ಎಲ್ಲರೂ ಫ್ಲೈಯರ್ ಬಗ್ಗೆ ಯೋಚಿಸುತ್ತಾರೆ. ಬೇಸ್ ಬಗ್ಗೆ ಯೋಚಿಸುವವರು ಕಡಿಮೆ. ಆದರೆ ಫ್ಲೈಯರ್ ಸೊಂಟವನ್ನು ಹಿಡಿಯುವುದು ಬೇಸ್‌ನ ಕೈ. ಸ್ಯಾಟಿನ್ ಬಟ್ಟೆ ಆ ಕೈಗೆ ಜಾರುತ್ತದೆ. ಸೊಂಟದ ಮೇಲೆ ಚಮಕಿ, ಕಲ್ಲು ಅಂಟಿಸಿದ್ದರೆ ಅಂಗೈ ಗೀರುತ್ತದೆ, ಕೈ ತಾನಾಗಿ ಸಡಿಲವಾಗುತ್ತದೆ. ಸಡಿಲ ತೋಳು ಹಾರಿದರೆ ಸ್ಪಾಟರ್‌ಗೆ ಹಿಡಿಯಬೇಕಾದ ಜಾಗವೇ ಕಾಣುವುದಿಲ್ಲ. ಹಾಗಾಗಿ ಅಲಂಕಾರ ಬೇಕಿದ್ದರೆ ಎದೆಯ ಮೇಲ್ಭಾಗದಲ್ಲಿ, ಹೆಗಲ ಹತ್ತಿರ ಇರಲಿ. ಪಕ್ಕೆ ಮತ್ತು ಸೊಂಟ ಸಾದಾ ಇರಲಿ.

ಎರಡನೇ ಹೆಜ್ಜೆ: ನಿಯಮ ಕೇಳಿಕೊಳ್ಳಿ

ಇದಕ್ಕೆ ಹೆಚ್ಚು ಹೊತ್ತು ಬೇಡ, ಆದರೆ ಬಟ್ಟೆ ಕತ್ತರಿಸುವ ಮೊದಲೇ ಆಗಬೇಕು. ಸ್ಪರ್ಧೆ ಇದ್ದರೆ ಸಂಘಟಕರಿಂದ ನಿಯಮದ ಹಾಳೆ ಕೇಳಿ ಪಡೆಯಿರಿ. ಶಾಲೆಯ ಕಾರ್ಯಕ್ರಮವಾದರೆ ಪ್ರಿನ್ಸಿಪಾಲರಿಗೆ ಚಿತ್ರ ತೋರಿಸಿ ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ.

ಅಮೆರಿಕದ ಶಾಲೆಗಳ ನಿಯಮದಲ್ಲಿ, ನೇರವಾಗಿ ಕೈ ಇಳಿಬಿಟ್ಟು ನಿಂತಾಗ ಹೊಟ್ಟೆ ಮುಚ್ಚಿರಬೇಕು ಎಂದಿದೆ. ಚಿಯರ್‌ಲೀಡಿಂಗ್ ಹುಟ್ಟಿದ ದೇಶದ ಶಾಲೆಗಳಲ್ಲೇ ಹಾಗೆ ಇರುವಾಗ "ಹೊಟ್ಟೆ ಕಾಣದಿದ್ದರೆ ಚಿಯರ್‌ಲೀಡಿಂಗ್ ಅನ್ನಿಸುವುದಿಲ್ಲ" ಎನ್ನುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಒಡವೆ ಬೇಡ ಎಂಬ ನಿಯಮವೂ ಎಲ್ಲ ಕಡೆ ಸಾಮಾನ್ಯ. ಕಿವಿಯೋಲೆ, ಮೂಗುತಿ, ಬಳೆ, ಕಾಲ್ಗೆಜ್ಜೆ, ಕೊರಳಿನ ಸರ ಎಲ್ಲ ಬಿಚ್ಚಬೇಕು. ನಮ್ಮ ಮನೆಗಳಲ್ಲಿ ಹುಡುಗಿಯರ ಮೂಗುತಿ, ಓಲೆ ಬಿಚ್ಚಿಸುವುದು ಸುಲಭದ ಮಾತಲ್ಲ, ಅಲ್ವಾ? ಅಮ್ಮಂದಿರಿಗೆ, ಅಜ್ಜಿಯರಿಗೆ ಮೊದಲೇ ಹೇಳಿಡಿ. ಪ್ರದರ್ಶನದ ದಿನ ಮೈದಾನದಲ್ಲಿ ಬಿಗಿ ತಿರುಪು ಬಿಚ್ಚಲು ಒದ್ದಾಡುವುದು ತಪ್ಪುತ್ತದೆ.

ಮೂರನೇ ಹೆಜ್ಜೆ: ಮಕ್ಕಳನ್ನು ಕೇಳಿ, ಮನೆಯವರನ್ನು ಕೂರಿಸಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಹೆಚ್ಚಿನ ತಂಡಗಳು ಬಿಟ್ಟುಬಿಡುವುದೂ ಇದನ್ನೇ.

ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗಿಗೆ ತನ್ನ ಮೈ ಬಗ್ಗೆ ಸಾವಿರ ಸಂಕೋಚ ಇರುತ್ತದೆ. ಗುಂಪಿನಲ್ಲಿ "ಎಲ್ಲರಿಗೂ ಓಕೆನಾ?" ಎಂದು ಕೇಳಿದರೆ ಅವಳು ತಲೆ ಅಲ್ಲಾಡಿಸುತ್ತಾಳೆ. ಬಟ್ಟೆ ಬಂದ ಮೇಲೆ ಹೊಟ್ಟೆನೋವು ಎಂದು ಪ್ರಾಕ್ಟೀಸ್ ತಪ್ಪಿಸುತ್ತಾಳೆ. ಅದಕ್ಕೇ ಒಂದು ಚೀಟಿ ಕೊಡಿ, ಹೆಸರು ಬರೆಯುವುದು ಬೇಡ ಎನ್ನಿ. ಸ್ಕರ್ಟ್ ಇಷ್ಟವೋ, ಶಾರ್ಟ್ಸ್ ಇಷ್ಟವೋ, ಉದ್ದ ಲೆಗ್ಗಿಂಗ್ಸ್ ಬೇಕೋ, ತೋಳು ಬೇಕೋ ಬೇಡವೋ, ಯಾವುದು ಹಾಕಲು ಮುಜುಗರ, ಇಷ್ಟು ಕೇಳಿದರೆ ಸಾಕು. ಬಹುಮತದ ಮೇಲೆ ತೀರ್ಮಾನ ಮಾಡಬೇಡಿ. ತಂಡದಲ್ಲಿ ಯಾರಿಗೆ ಮುಜುಗರ ಹೆಚ್ಚೋ ಅವಳಿಗೆ ಒಪ್ಪುವ ಬಟ್ಟೆಯಿಂದ ಶುರು ಮಾಡಿ. ಮೈ ಬಗ್ಗೆ ಯೋಚಿಸುತ್ತಾ ಜಿಗಿಯುವವಳು ಅರ್ಧ ಮನಸ್ಸಿನಿಂದ ಜಿಗಿಯುತ್ತಾಳೆ, ಪಲ್ಟಿಯಲ್ಲಿ ಅರ್ಧ ಮನಸ್ಸು ಅಪಾಯ.

ಪೋಷಕರ ಸಭೆಯಲ್ಲಿ ನೀವು ಕೇಳುವ ಮೊದಲ ಮಾತು "ಸ್ಕರ್ಟ್ ಎಷ್ಟು ಉದ್ದ ಇರುತ್ತೆ ಟೀಚರ್?" ಎಂಬುದೇ. ಅದಕ್ಕೆ ಮಾತಿನಲ್ಲಿ ಉತ್ತರ ಕೊಡುವ ಬದಲು ಒಂದು ಸ್ಯಾಂಪಲ್ ಕೈಗೆ ಕೊಡಿ. ಒಳಗೆ ಹಾಕುವ ಬಿಗಿ ಶಾರ್ಟ್ಸ್ ತೋರಿಸಿ. ಸ್ಕರ್ಟ್ ಹಾರಿದಾಗ ಕಾಣುವುದು ಅದೇ ಬಣ್ಣದ ಶಾರ್ಟ್ಸ್ ಎಂದು ಗೊತ್ತಾದರೆ ಅರ್ಧ ಆತಂಕ ಇಳಿಯುತ್ತದೆ. ಇನ್ನೂ ಬೇಡ ಅನ್ನುವವರಿಗೆ ಅದೇ ಬಣ್ಣದ, ಪಾದದವರೆಗೆ ಬರುವ ಲೆಗ್ಗಿಂಗ್ಸ್ ಇರಲಿ. ತಲೆ ಮುಚ್ಚಿಕೊಳ್ಳುವ ಹುಡುಗಿ ಇದ್ದರೆ ಅದೇ ಹಿಗ್ಗುವ ಬಟ್ಟೆಯಲ್ಲಿ, ಪಿನ್ ಇಲ್ಲದೆ ತಲೆಗೆ ಕೂರುವ ಹೊದಿಕೆ ಹೊಲಿಸಬಹುದು. ಆದರೆ ಒಂದು ಮಾತು: ಒಬ್ಬಳಿಗೆ ಮಾತ್ರ ಲೆಗ್ಗಿಂಗ್ಸ್ ಹಾಕಿಸಿದರೆ ಅವಳು ಎದ್ದು ಕಾಣುತ್ತಾಳೆ. ತಂಡಕ್ಕೆಲ್ಲ ಒಂದೇ ತರಹ ಕೊಡಿ. ಪ್ರೇಕ್ಷಕರ ಕಣ್ಣಿಗೂ ಅದೇ ಒಳ್ಳೆಯದು, ಸಾಲು ಸಾಲಾಗಿ ಕಾಲುಗಳು ಒಂದೇ ಬಣ್ಣದಲ್ಲಿ ಚಲಿಸಿದರೆ ಹೆಜ್ಜೆ ಇನ್ನೂ ಚೊಕ್ಕ ಕಾಣುತ್ತದೆ.

ಹುಡುಗರಿದ್ದರೆ ಅವರನ್ನೂ ಕೇಳಿ. ಹುಡುಗಿಯರ ಬಟ್ಟೆ ಪೂರ್ತಿ ಆದ ಮೇಲೆ ಉಳಿದ ದುಡ್ಡಿನಲ್ಲಿ ಹುಡುಗರಿಗೆ ಒಂದು ಬಿಳಿ ಟೀ ಶರ್ಟ್ ಎಂಬ ಪದ್ಧತಿ ಸರಿಯಲ್ಲ. ಹೊರುವ ಕೆಲಸ ಹೆಚ್ಚಾಗಿ ಅವರದೇ. ಮೊಣಕಾಲು ಬಾಗಿಸಿ ಎತ್ತುವಾಗ ಹರಿಯದ, ಹಿಗ್ಗುವ ಪ್ಯಾಂಟ್ ಅವರಿಗೆ ಬೇಕು.

ನಾಲ್ಕನೇ ಹೆಜ್ಜೆ: ವಿನ್ಯಾಸ

ಮೇಲಿನ ಬಟ್ಟೆಯಿಂದ ಶುರು ಮಾಡೋಣ. ಚಿಯರ್‌ಲೀಡಿಂಗ್‌ನಲ್ಲಿ ಕೈಯನ್ನು ತಲೆಯ ಮೇಲೆ ವಿ ಆಕಾರದಲ್ಲಿ, ಪಕ್ಕಕ್ಕೆ ಟಿ ಆಕಾರದಲ್ಲಿ ಚಾಚುವುದು ಮತ್ತೆ ಮತ್ತೆ ಬರುತ್ತದೆ. ಕೈ ಮೇಲೆ ಹೋದಾಗ ಟಾಪ್ ಕೂಡ ಮೇಲೆ ಹೋಗುತ್ತದೆ. ಅದಕ್ಕೆ ಎರಡು ದಾರಿ ಇವೆ. ಒಂದು, ಸಾಂಪ್ರದಾಯಿಕ ಶೈಲಿಯ ಶೆಲ್, ಅಂದರೆ ತೋಳಿಲ್ಲದ, ಸ್ವಲ್ಪ ದಪ್ಪನೆಯ ಮೇಲಂಗಿ. ಅದರ ಒಳಗೆ ಉದ್ದ ತೋಳಿನ, ಮೈಗೆ ಅಂಟುವ ಲೈನರ್. ಶೆಲ್ ಮೇಲೆ ಹೋದರೂ ಒಳಗಿನದು ಹೊಟ್ಟೆ ಮುಚ್ಚಿರುತ್ತದೆ. ಎರಡು, ಒಂದೇ ತುಂಡಿನ ಟಾಪ್, ಸೊಂಟದಿಂದ ನಾಲ್ಕೈದು ಇಂಚು ಕೆಳಗೆ ಬಂದು ಸ್ಕರ್ಟ್ ಅಥವಾ ಪ್ಯಾಂಟಿನ ಒಳಗೆ ಸೇರುವಂಥದ್ದು.

ಅಮೆರಿಕದ ಚಳಿಗಾಲದ ಮೈದಾನಕ್ಕೆ ಎರಡು ಪದರ ಸರಿ. ಮುಂಬಯಿಯ ಅಕ್ಟೋಬರ್ ಬಿಸಿಲಿಗೆ ಅದು ಹಿಂಸೆ. ನಾನು ಒಂದೇ ತುಂಡನ್ನೇ ಹೇಳುತ್ತೇನೆ. ಕಂಕುಳಲ್ಲಿ ಒಂದು ಚೌಕದ ಹಿಗ್ಗುವ ತುಂಡು ಸೇರಿಸಿ ಹೊಲಿಯಲು ಟೈಲರಿಗೆ ಹೇಳಿ. ಕೈ ಎತ್ತಿದಾಗ ಟಾಪ್ ಮೇಲಕ್ಕೆ ಹೋಗುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಕತ್ತು ತೀರಾ ಅಗಲ ಬೇಡ. ಕತ್ತಿಗೆ ಕಟ್ಟುವ ದಾರ, ಬೆನ್ನ ಹಿಂದೆ ಗಂಟು, ಮುಂದೆ ನೇತಾಡುವ ಗೊಂಡೆ ಇವು ಯಾವುದೂ ಎತ್ತುವ ತಂಡಕ್ಕೆ ಬೇಡವೇ ಬೇಡ, ಬೆರಳು ಸಿಕ್ಕಿಕೊಳ್ಳುತ್ತದೆ. ಜಿಪ್ ಇದ್ದರೆ ಬೆನ್ನಿನ ನಡುವೆ ಬೇಡ. ನೆಲದ ಮೇಲೆ ಉರುಳುವಾಗ ಅದು ಬೆನ್ನುಮೂಳೆಗೆ ಒತ್ತುತ್ತದೆ. ಹಿಗ್ಗುವ ಬಟ್ಟೆಯಾದರೆ ಜಿಪ್ಪೇ ಬೇಕಿಲ್ಲ, ತಲೆಯ ಮೇಲಿಂದ ಹಾಕಿಕೊಳ್ಳಬಹುದು.

ಕೆಳಗಿನ ಬಟ್ಟೆಯಲ್ಲಿ ಆಯ್ಕೆ ಜಾಸ್ತಿ. ನೆರಿಗೆ ಸ್ಕರ್ಟ್ ತಿರುಗುವಾಗ ಅರಳುತ್ತದೆ. ನೋಡಲು ಬಹಳ ಚೆಂದ. ನೆರಿಗೆಯ ಒಳಮಡಿಕೆಯಲ್ಲಿ ಬೇರೆ ಬಣ್ಣ ಇಟ್ಟರೆ ಪ್ರತಿ ತಿರುವಿನಲ್ಲೂ ಆ ಬಣ್ಣ ಮಿಂಚಿ ಮಾಯವಾಗುತ್ತದೆ. ಆದರೆ ನೆರಿಗೆಗೆ ಬಟ್ಟೆ ಜಾಸ್ತಿ ಬೇಕು, ಹೊಲಿಗೆ ಖರ್ಚು ಜಾಸ್ತಿ, ಇಸ್ತ್ರಿ ಕೆಲಸವೂ ಜಾಸ್ತಿ. ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಬ್ಯಾಗಿನೊಳಗೆ ಬಂದ ನೆರಿಗೆ ಸ್ಕರ್ಟ್ ಮೈದಾನಕ್ಕೆ ಬರುವಾಗ ಮುದುಡಿರುತ್ತದೆ. ಎ ಆಕಾರದ ಸಾದಾ ಸ್ಕರ್ಟ್, ಎರಡು ಪಕ್ಕದಲ್ಲಿ ಸಣ್ಣ ಸೀಳು ಇರುವಂಥದ್ದು, ಈ ಊರಿಗೆ ಹೆಚ್ಚು ಒಗ್ಗುತ್ತದೆ. ಬಟ್ಟೆ ಕಡಿಮೆ ಸಾಕು, ಒಣಗುವುದೂ ಬೇಗ.

ಸ್ಕರ್ಟ್ ಯಾವುದೇ ಇರಲಿ, ಒಳಗಿನ ಶಾರ್ಟ್ಸ್ ಸಮವಸ್ತ್ರದ ಭಾಗವೇ. "ಮನೆಯಿಂದ ಯಾವುದಾದರೂ ಹಾಕಿಕೊಂಡು ಬನ್ನಿ" ಎಂದು ಬಿಡಬೇಡಿ. ಒಂದೇ ಬಟ್ಟೆಯಲ್ಲಿ, ಒಂದೇ ಬಣ್ಣದಲ್ಲಿ, ಸ್ಕರ್ಟಿನ ಜೊತೆಗೇ ಹೊಲಿಸಿ. ಸ್ಕರ್ಟಿನ ಸೊಂಟಪಟ್ಟಿಗೇ ಶಾರ್ಟ್ಸ್ ಜೋಡಿಸಿ ಹೊಲಿದರೆ ಇನ್ನೂ ಒಳ್ಳೆಯದು. ಮರೆತು ಬರುವ ಪ್ರಶ್ನೆಯೇ ಇಲ್ಲ.

ಶಾರ್ಟ್ಸ್ ಮಾತ್ರ, ಅಥವಾ ಉದ್ದ ಲೆಗ್ಗಿಂಗ್ಸ್ ಮತ್ತು ಟಾಪ್ ಎಂಬ ಶೈಲಿಯೂ ಚೆನ್ನಾಗಿರುತ್ತದೆ. ಪಲ್ಟಿ ಜಾಸ್ತಿ ಇರುವ ತಂಡಕ್ಕೆ, ಹುಡುಗ ಹುಡುಗಿಯರು ಕೂಡಿರುವ ತಂಡಕ್ಕೆ ನಾನು ಲೆಗ್ಗಿಂಗ್ಸನ್ನೇ ಆರಿಸುತ್ತೇನೆ. ಸಂಘದ ಕ್ರೀಡಾಕೂಟದಲ್ಲಿ ಮಣ್ಣಿನ ಮೈದಾನವೇ ಹೆಚ್ಚು. ಮಂಡಿ ತರಚುವುದು ಕಡಿಮೆಯಾಗುತ್ತದೆ ಎಂಬುದೇ ಒಂದು ದೊಡ್ಡ ಕಾರಣ.

ಐದನೇ ಹೆಜ್ಜೆ: ಬಟ್ಟೆ

"ಬೇಸಿಗೆಗೆ ಕಾಟನ್ನೇ ಒಳ್ಳೆಯದು" ಎಂದು ಅಜ್ಜಿಯಿಂದ ಟೀಚರ್ ತನಕ ಎಲ್ಲರೂ ಹೇಳುತ್ತಾರೆ. ಸುಮ್ಮನೆ ಕುಳಿತುಕೊಳ್ಳುವಾಗ ಅದು ನಿಜ. ಕುಣಿಯುವಾಗ ಅಲ್ಲ. ಕಾಟನ್ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಒದ್ದೆಯಾಗಿ ತೂಕವಾಗುತ್ತದೆ, ಮೈಗೆ ಅಂಟುತ್ತದೆ, ತೊಡೆ ಕಂಕುಳು ಉಜ್ಜುತ್ತದೆ. ಮುಂಬಯಿಯ ಗಾಳಿಯಲ್ಲೇ ತೇವ ಇರುವುದರಿಂದ ಅದು ಒಣಗುವುದೂ ಇಲ್ಲ. ಪಾಲಿಯೆಸ್ಟರ್ ನೂಲು ನೀರು ಹೀರುವುದು ಬಹಳ ಕಡಿಮೆ. ಬೆವರು ಬಟ್ಟೆಯ ಹೊರಮೈಗೆ ಹರಡಿ ಬೇಗ ಆರುತ್ತದೆ. ಅಂಗಡಿಯವರು ಡ್ರೈ ಫಿಟ್ ಎಂದು ಕೊಡುವುದು ಇಂಥ ಪಾಲಿಯೆಸ್ಟರ್ ಹೆಣಿಗೆ ಬಟ್ಟೆಯನ್ನೇ.

ಟಾಪ್ ಮತ್ತು ಶಾರ್ಟ್ಸ್‌ಗೆ ಪಾಲಿಯೆಸ್ಟರ್ ಜೊತೆ ಲೈಕ್ರಾ ಎಂಬ ಹಿಗ್ಗುವ ನೂಲು ಸೇರಿದ, ನಾಲ್ಕೂ ಕಡೆ ಹಿಗ್ಗುವ ಬಟ್ಟೆ ಕೇಳಿ. "ಫೋರ್ ವೇ" ಎಂದರೆ ಅಂಗಡಿಯವರಿಗೆ ಅರ್ಥವಾಗುತ್ತದೆ. ಎರಡೇ ಕಡೆ ಹಿಗ್ಗುವುದನ್ನು ಕೊಡಬಹುದು, ಅದಕ್ಕೇ ಅಲ್ಲೇ ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ. ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬರಬೇಕು. ಬಟ್ಟೆಯ ದಪ್ಪವನ್ನು ಜಿಎಸ್ಎಮ್‌ನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಲೈಕ್ರಾ ಬಟ್ಟೆ 180ರಿಂದ 220 ಜಿಎಸ್ಎಮ್ ಇದ್ದರೆ ನನಗೆ ಸಮಾಧಾನ. ಅದಕ್ಕಿಂತ ತೆಳು ಇದ್ದರೆ ಎಳೆದಾಗ ಒಳಗಿನದು ಕಾಣುತ್ತದೆ. ದಪ್ಪ ಜಾಸ್ತಿಯಾದರೆ ಸೆಕೆ.

ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಬಟ್ಟೆಯನ್ನು ಮುಷ್ಟಿ ಮೇಲೆ ಬಿಗಿಯಾಗಿ ಎಳೆದು ಬೆಳಕಿಗೆ ಹಿಡಿಯಿರಿ, ಬೆರಳಿನ ಗಂಟು ಕಂಡರೆ ಬೇಡ. ಒಂದು ತುದಿಗೆ ನೀರು ಚಿಮುಕಿಸಿ, ಒದ್ದೆ ಗುರುತು ಎಷ್ಟು ಗಾಢವಾಗಿ ಕಾಣುತ್ತದೆ ನೋಡಿ, ಬೆವರಿನ ಕಲೆಯೂ ಹಾಗೇ ಕಾಣುತ್ತದೆ. ಬೂದು, ತಿಳಿ ನೀಲಿ ಬಣ್ಣಗಳಲ್ಲಿ ಅದು ಎದ್ದು ಕಾಣುತ್ತದೆ. ಕಪ್ಪು, ಬಿಳಿ, ಗಾಢ ನೀಲಿಯಲ್ಲಿ ಕಡಿಮೆ. ಕೊನೆಗೆ ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಚೆನ್ನಾಗಿ ಉಜ್ಜಿ. ಬಣ್ಣ ಹತ್ತಿದರೆ ಆ ಥಾನನ್ನು ಅಲ್ಲೇ ಬಿಡಿ.

ಆರನೇ ಹೆಜ್ಜೆ: ಬಣ್ಣ, ಅಕ್ಷರ

ದೂರದಿಂದ ಏನು ಕಾಣುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ಯಕ್ಷಗಾನದ ವೇಷ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ: ಕೆಂಪು, ಕಪ್ಪು, ಬಂಗಾರದ ದೊಡ್ಡ ದೊಡ್ಡ ಭಾಗಗಳು ಬಯಲಿನ ಕೊನೆಯಲ್ಲಿ ಕುಳಿತವನಿಗೂ ಕಾಣುತ್ತವೆ. ಚಿಯರ್ ತಂಡಕ್ಕೂ ಹಾಗೇ. ಎರಡು ಬಣ್ಣ, ಹೆಚ್ಚೆಂದರೆ ಮೂರು. ಒಂದು ಗಾಢ, ಒಂದು ತಿಳಿ. ಪಕ್ಕೆಯಿಂದ ತೋಳಿನವರೆಗೆ ಓಡುವ ಒಂದು ಅಗಲ ಪಟ್ಟಿ ಇದ್ದರೆ ಕೈ ಎತ್ತಿದಾಗ ಗೆರೆ ಉದ್ದವಾಗಿ ಕಾಣುತ್ತದೆ. ಸಣ್ಣ ಹೂವು, ಸಣ್ಣ ಗೆರೆ, ತೆಳು ಬಾರ್ಡರ್ ಎಲ್ಲ ಗ್ಯಾಲರಿಗೆ ತಲುಪುವುದಿಲ್ಲ. ಮೈದಾನದ ಬಣ್ಣವನ್ನೂ ಗಮನಿಸಿ. ಹುಲ್ಲಿನ ಮೈದಾನಕ್ಕೆ ಹಸಿರು, ಕೆಮ್ಮಣ್ಣಿಗೆ ಕಂದು ಬೇಡ.

ಸಂಘದ ತಂಡಗಳಲ್ಲಿ ಹಳದಿ ಕೆಂಪು ಬೇಕು ಎಂಬ ಆಸೆ ಬಂದೇ ಬರುತ್ತದೆ. ಮುಂಬಯಿಯ ಮೈದಾನದಲ್ಲಿ ನಮ್ಮ ಮಕ್ಕಳು ಆ ಬಣ್ಣದಲ್ಲಿ ಓಡಿ ಬಂದರೆ ಯಾವ ಕನ್ನಡಿಗರ ಎದೆ ಉಬ್ಬುವುದಿಲ್ಲ ಹೇಳಿ. ಖಂಡಿತ ಮಾಡಿಸಿ. ಆದರೆ ಎರಡು ಎಚ್ಚರಿಕೆ. ಹಳದಿ ಬಟ್ಟೆ ಬೆವರಿಗೆ ಪಾರದರ್ಶಕವಾಗುತ್ತದೆ, ಹಾಗಾಗಿ ಎದೆಯ ಭಾಗಕ್ಕೆ ಅಸ್ತರು ಕೊಡಿಸಲೇಬೇಕು. ಕೆಂಪು ಬಟ್ಟೆ ಬಣ್ಣ ಬಿಟ್ಟರೆ ಮೊದಲ ಒಗೆತದಲ್ಲೇ ಹಳದಿ ಕಿತ್ತಳೆಯಾಗುತ್ತದೆ, ಹಾಗಾಗಿ ಕರವಸ್ತ್ರದ ಪರೀಕ್ಷೆ ಇಲ್ಲಿ ತಪ್ಪಿಸಬೇಡಿ. ಶಾರ್ಟ್ಸ್ ಮತ್ತು ಲೆಗ್ಗಿಂಗ್ಸ್ ಕೆಂಪು ಇರಲಿ, ಹಳದಿ ಬಣ್ಣ ಟಾಪಿನ ಮೇಲ್ಭಾಗದಲ್ಲಿ ಇರಲಿ. ಕೊಳೆ ಕಾಣುವುದೂ ಕಡಿಮೆಯಾಗುತ್ತದೆ.

ಎದೆಯ ಮೇಲೆ ಕನ್ನಡ ಅಕ್ಷರ ಹಾಕಿಸುವುದಾದರೆ ಒಂದೇ ದೊಡ್ಡ ಅಕ್ಷರ ಅಥವಾ ಎರಡು ಮೂರು ಅಕ್ಷರದ ಪುಟ್ಟ ಹೆಸರು ಸಾಕು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. "ರಾಷ್ಟ್ರೀಯ" ಎಂದು ಬರೆಸಿದರೆ ದೂರದಿಂದ ಒಂದು ಮುದ್ದೆ ಕಾಣುತ್ತದೆ. ದಪ್ಪ ಗೆರೆಯ, ಅಲಂಕಾರವಿಲ್ಲದ ಅಕ್ಷರ ಆರಿಸಿ. ಮುದ್ರಣದವನಿಗೆ ಹೆಸರನ್ನು ಚಿತ್ರವಾಗಿ ಕಳುಹಿಸಿ, ಟೈಪ್ ಮಾಡಿ ಕಳುಹಿಸಬೇಡಿ. ಅವನ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಒಡೆದುಹೋಗುತ್ತದೆ, ಅವನಿಗೆ ಅದು ಗೊತ್ತೂ ಆಗುವುದಿಲ್ಲ.

ಮುದ್ರಣದಲ್ಲಿ ಸಬ್ಲಿಮೇಶನ್ ಎಂಬುದು ಪಾಲಿಯೆಸ್ಟರಿಗೆ ಬಹಳ ಒಳ್ಳೆಯದು. ಬಿಸಿಯಲ್ಲಿ ಬಣ್ಣ ನೂಲಿನೊಳಗೇ ಸೇರುವುದರಿಂದ ಸಿಪ್ಪೆ ಏಳುವುದಿಲ್ಲ, ಎಳೆದಾಗ ಬಿರುಕು ಬಿಡುವುದಿಲ್ಲ, ಗಾಳಿಯೂ ಆಡುತ್ತದೆ. ಆದರೆ ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆಯ ಮೇಲೆ ಮಾತ್ರ ಬರುತ್ತದೆ, ಕಾಟನ್ ಮೇಲೆ ನಿಲ್ಲುವುದಿಲ್ಲ. ಸಾಮಾನ್ಯ ಸ್ಕ್ರೀನ್ ಪ್ರಿಂಟ್ ಹಿಗ್ಗುವ ಬಟ್ಟೆಯ ಮೇಲೆ ಬೇಗ ಬಿರುಕು ಬಿಡುತ್ತದೆ. ಕಸೂತಿ ಮಾಡಿಸಿದರೆ ಆ ಜಾಗ ಗಡುಸಾಗಿ ಮೈ ಕೆರೆಯುತ್ತದೆ, ಜಾಕೆಟ್ಟಿಗೆ ಮಾತ್ರ ಸರಿ.

ಏಳನೇ ಹೆಜ್ಜೆ: ಮುಂಬಯಿಯಲ್ಲಿ ಎಲ್ಲಿ, ಯಾವಾಗ?

ಬಟ್ಟೆಗೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮಂಗಳದಾಸ್ ಮಾರ್ಕೆಟ್ ಒಳ್ಳೆಯ ಜಾಗ. ಪಶ್ಚಿಮ ರೈಲ್ವೆಯವರು ಮರೀನ್ ಲೈನ್ಸ್‌ನಲ್ಲಿ, ಸೆಂಟ್ರಲ್‌ನವರು ಮಸ್ಜಿದ್ ಅಥವಾ ಸಿಎಸ್ಎಮ್‌ಟಿಯಲ್ಲಿ ಇಳಿದು ನಡೆಯಬಹುದು. ಭಾನುವಾರ ಹೋಗಬೇಡಿ. ಪಟ್ಟಿ, ಲೇಸು, ರಿಬ್ಬನ್ನು ಬೇಕಿದ್ದರೆ ಅಲ್ಲಿಂದ ಭುಲೇಶ್ವರದ ಗಲ್ಲಿಗಳು ದೂರವಿಲ್ಲ. ಶೂ, ಸಾಕ್ಸ್, ಟ್ರ್ಯಾಕ್ ಸೂಟ್‌ಗೆ ಧೋಬಿ ತಲಾವ್ ಕಡೆ ಕ್ರೀಡಾ ಸಾಮಾನಿನ ಅಂಗಡಿಗಳ ಸಾಲೇ ಇದೆ. ಡೊಂಬಿವಲಿ, ಕಲ್ಯಾಣ ಕಡೆಯವರು ಅಷ್ಟು ದೂರ ಬರಬೇಕಿಲ್ಲ, ಉಲ್ಲಾಸನಗರದಲ್ಲಿ ಬಟ್ಟೆಯೂ ಸಿಗುತ್ತದೆ, ಹೊಲಿಯುವವರೂ ಸಿಗುತ್ತಾರೆ.

ಹೊಲಿಗೆಗೆ ಬೀದಿ ಮೂಲೆಯ ಬ್ಲೌಸ್ ಟೈಲರ್ ಆಗುವುದಿಲ್ಲ. ಅವರ ಕೆಲಸ ಕಡಿಮೆ ಎಂದಲ್ಲ, ಮಿಷನ್ ಬೇರೆ. ನೇರ ಹೊಲಿಗೆ ಹಿಗ್ಗುವುದಿಲ್ಲ, ಕಾಲು ಚಾಚಿದ ಕೂಡಲೇ ಟಪ್ಪೆಂದು ಬಿಡುತ್ತದೆ. ಹಿಗ್ಗುವ ಹೊಲಿಗೆ ಹಾಕುವ ಓವರ್‌ಲಾಕ್, ಫ್ಲ್ಯಾಟ್‌ಲಾಕ್ ಮಿಷನ್ ಇರುವ, ಸ್ಪೋರ್ಟ್ಸ್ ಬಟ್ಟೆ ಹೊಲಿಯುವ ಕಡೆಗೇ ಹೋಗಿ. ಧಾರಾವಿಯಲ್ಲಿ ಅಂಥ ಸಣ್ಣ ಕಾರ್ಖಾನೆಗಳಿವೆ. ಮಾಸ್ಟರ್‌ಜಿ ಹತ್ತಿರ ಹಳೆಯ ಕೆಲಸದ ಒಂದು ತುಂಡು ಕೇಳಿ, ಹೊಲಿಗೆಯ ಜಾಗದಲ್ಲಿ ಎರಡೂ ಕೈಯಿಂದ ಎಳೆದು ನೋಡಿ. ದಾರ ಕಡಿಯದಿದ್ದರೆ ಮಾತು ಮುಂದುವರಿಸಿ.

ಸಮಯದ ಲೆಕ್ಕ ಹಿಂದಿನಿಂದ ಹಾಕಿ. ಶಾಲೆಗಳ ಕ್ರೀಡಾದಿನ ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ನಡುವೆ ಗಣೇಶೋತ್ಸವ, ನವರಾತ್ರಿ, ದೀಪಾವಳಿ ಬರುತ್ತವೆ. ದೀಪಾವಳಿ ಮತ್ತು ಛಠ್ ಸಮಯದಲ್ಲಿ ಕಾರಿಗರರು ಊರಿಗೆ ಹೋಗುತ್ತಾರೆ, ಕಾರ್ಖಾನೆ ಖಾಲಿ. ಹಾಗಾಗಿ ಜುಲೈಯಲ್ಲಿ ಮಾತು, ಆಗಸ್ಟಿನಲ್ಲಿ ಬಟ್ಟೆ ಮತ್ತು ಸ್ಯಾಂಪಲ್, ದೀಪಾವಳಿಗೆ ಮೊದಲೇ ಪೂರ್ತಿ ಬಟ್ಟೆ ಕೈಗೆ. ಇದಕ್ಕಿಂತ ತಡವಾದರೆ ರೆಡಿಮೇಡ್ ಟಾಪ್ ತಂದು ಮುದ್ರಣ ಮಾಡಿಸುವುದೇ ವಾಸಿ.

ದುಡ್ಡಿನ ವಿಷಯದಲ್ಲಿ ಒಂದೇ ಸಲಹೆ. ಕೈ ಬಿಗಿ ಇದ್ದರೆ ಬೋ (ಕೂದಲಿಗೆ ಕಟ್ಟುವ ರಿಬ್ಬನ್ ಹೂವು), ಜಾಕೆಟ್, ಮಿನುಗು ಬಿಡಿ. ಬಟ್ಟೆಯ ಗುಣ, ಒಳಗಿನ ಶಾರ್ಟ್ಸ್, ಶೂ ಇವುಗಳಲ್ಲಿ ಉಳಿಸಬೇಡಿ. ಕೊಡಲು ಕಷ್ಟವಿರುವ ಮನೆಯ ಮಗುವಿನ ಪಾಲನ್ನು ಸದ್ದಿಲ್ಲದೆ ಸಂಘದಿಂದ ಭರಿಸಿ, ಪಟ್ಟಿಯಲ್ಲಿ ಹೆಸರು ಬರೆದು ಅಂಟಿಸಬೇಡಿ.

ಎಂಟನೇ ಹೆಜ್ಜೆ: ಅಳತೆ ಮತ್ತು ಸ್ಯಾಂಪಲ್

ಎಸ್, ಎಂ, ಎಲ್ ಎಂದು ಕೈ ಎತ್ತಿಸಿ ಲೆಕ್ಕ ಹಾಕಬೇಡಿ. ಪ್ರತಿಯೊಬ್ಬರದೂ ಟೇಪಿನಿಂದ ಅಳೆಯಿರಿ: ಎದೆ, ಸೊಂಟ, ಹಿಪ್ಸ್, ಹೆಗಲ ಅಗಲ, ತೋಳು, ಹೆಗಲಿನಿಂದ ಸೊಂಟದವರೆಗಿನ ಉದ್ದ, ಸೊಂಟದಿಂದ ಸ್ಕರ್ಟ್ ಮುಗಿಯುವ ಜಾಗ. ಹುಡುಗಿಯರ ಅಳತೆಯನ್ನು ಒಬ್ಬ ಹೆಂಗಸೇ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಬ್ಬೊಬ್ಬರನ್ನೇ ಕರೆದು ತೆಗೆದುಕೊಳ್ಳಬೇಕು. ಅಳತೆಯನ್ನು ಜೋರಾಗಿ ಹೇಳಿ ಬರೆಸಬಾರದು. ಬೆಳೆಯುವ ಮಕ್ಕಳಾದ್ದರಿಂದ ಪಕ್ಕದ ಹೊಲಿಗೆಯೊಳಗೆ ಒಂದು ಇಂಚು ಬಟ್ಟೆ ಬಿಡಿಸಿ. ಆದರೆ "ಮುಂದಿನ ವರ್ಷಕ್ಕೂ ಆಗಲಿ" ಎಂದು ದೊಡ್ಡ ಅಳತೆ ಹೊಲಿಸಬೇಡಿ, ಸಡಿಲ ಬಟ್ಟೆ ಎತ್ತುವಾಗ ಅಪಾಯ.

ಮೊದಲು ಎರಡೇ ಸ್ಯಾಂಪಲ್ ಹೊಲಿಸಿ. ಒಂದು ತಂಡದಲ್ಲಿ ತೀರಾ ಸಣ್ಣ ಮೈಯವಳಿಗೆ, ಇನ್ನೊಂದು ದೊಡ್ಡ ಮೈಯವಳಿಗೆ. ಸಣ್ಣವಳಿಗೆ ಚೆಂದ ಕಾಣುವ ಪಟ್ಟಿ ದೊಡ್ಡವಳ ಮೈ ಮೇಲೆ ಬೇರೆ ಜಾಗಕ್ಕೆ ಬಂದು ಕೂರುತ್ತದೆ. ಅದು ಇಬ್ಬರ ಮೇಲೂ ಸರಿ ಕಂಡರೆ ನಡುವಿನವರಿಗೆಲ್ಲ ಸರಿ ಕಾಣುತ್ತದೆ.

ಆಮೇಲೆ ಅವರಿಬ್ಬರೂ ಆ ಬಟ್ಟೆಯಲ್ಲಿ ಪೂರ್ತಿ ಪ್ರಾಕ್ಟೀಸ್ ಮಾಡಲಿ. ಕೈ ಮೇಲೆತ್ತಿ ಹಾಗೇ ಹತ್ತು ಎಣಿಸಲಿ, ಹೊಟ್ಟೆ ಕಾಣುತ್ತದೆಯೇ ನೋಡಿ. ಬಾಗಿ ಪಾದ ಮುಟ್ಟಲಿ, ಬೆನ್ನು ನೋಡಿ. ಕಾಲು ಅಗಲಿಸಿ ಜಿಗಿಯಲಿ, ಪಲ್ಟಿ ಹೊಡೆಯಲಿ. ಬೇಸ್‌ಗಳು ಸೊಂಟ ಹಿಡಿದು ಎತ್ತಲಿ, ಜಾರುತ್ತದೆಯೇ ಕೇಳಿ. ಮೊಬೈಲಿನಲ್ಲಿ ವಿಡಿಯೊ ಮಾಡಿ, ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ, ಗ್ಯಾಲರಿ ಇರುವ ದೂರದಿಂದ ಒಮ್ಮೆ. ಎಲ್ಲಿ ಅವಳ ಕೈ ತಾನಾಗಿ ಬಟ್ಟೆಯನ್ನು ಕೆಳಗೆಳೆಯಲು ಹೋಗುತ್ತದೋ ಅಲ್ಲಿ ತಿದ್ದುಪಡಿ ಬೇಕು. ಅವಳನ್ನು ಕೇಳಿದರೆ "ಚೆನ್ನಾಗಿದೆ ಟೀಚರ್" ಅನ್ನುತ್ತಾಳೆ. ವಿಡಿಯೊದಲ್ಲಿ ಆ ಕೈಯನ್ನೇ ನೋಡಿ. ಸ್ಯಾಂಪಲನ್ನು ಎರಡು ಸಲ ಒಗೆದು ಮತ್ತೆ ಅಳೆದ ಮೇಲೆಯೇ ಉಳಿದವನ್ನು ಹೊಲಿಯಲು ಕೊಡಿ.

ಉಳಿದವು

ಶೂ ಬಿಳಿ, ಹಗುರ, ಮೆತ್ತನೆ ಅಡಿಯದು. ದಪ್ಪ ಅಡಿಯ ರನ್ನಿಂಗ್ ಶೂ ಹಾಕಿ ಬೇಸ್‌ನ ಅಂಗೈ ಮೇಲೆ ನಿಲ್ಲುವುದು ಕಷ್ಟ. ಬರಿಗಾಲು ಬೇಡ. ಕೂದಲು ಎತ್ತಿ ಕಟ್ಟಲಿ, ಬೋ ಮೆತ್ತಗಿರಲಿ, ಅಂಚಿನಲ್ಲಿ ತಂತಿ ಬೇಡ. ನಮ್ಮ ಹುಡುಗಿಯರ ಉದ್ದ ಜಡೆ ಬೀಸಿದರೆ ಪಕ್ಕದವಳ ಕಣ್ಣಿಗೆ ತಾಗುತ್ತದೆ, ಅದನ್ನು ಮಡಚಿ ಕಟ್ಟಿ. ಪೋಮ್‌ಪೋಮ್ ಬಟ್ಟೆಯ ಬಣ್ಣದ್ದೇ ಆದರೆ ಮೈಯಲ್ಲಿ ಕರಗಿಹೋಗುತ್ತದೆ, ಬೇರೆ ಬಣ್ಣ ತನ್ನಿ.

ನಮ್ಮ ಮೈದಾನಗಳಲ್ಲಿ ಬಟ್ಟೆ ಬದಲಿಸುವ ಕೋಣೆ ಸಿಗುವುದು ಅಪರೂಪ. ಮಕ್ಕಳು ಮನೆಯಿಂದಲೇ ಸಮವಸ್ತ್ರ ಹಾಕಿಕೊಂಡು ಟ್ರೇನು, ಬಸ್ಸು ಹತ್ತಬೇಕು. ಹಾಗಾಗಿ ಮೇಲೆ ಹಾಕಿಕೊಳ್ಳಲು ಶೂ ಬಿಚ್ಚದೆ ಕಾಲು ತೂರುವಷ್ಟು ಸಡಿಲ ಟ್ರ್ಯಾಕ್ ಪ್ಯಾಂಟ್, ಮುಂದೆ ಜಿಪ್ ಇರುವ ಜಾಕೆಟ್ ಇರಲಿ. ಹೊಸದೇ ಬೇಕಿಲ್ಲ, ಶಾಲೆಯ ಪಿಟಿ ಡ್ರೆಸ್ ಆದರೂ ಆಗುತ್ತದೆ. ತಂಡದ ಬ್ಯಾಗಿನಲ್ಲಿ ಒಂದೆರಡು ಹೆಚ್ಚುವರಿ ಶಾರ್ಟ್ಸ್, ಸೂಜಿ ದಾರ, ಕೂದಲಿನ ರಬ್ಬರ್ ಬ್ಯಾಂಡ್, ಪ್ಯಾಡ್ ಯಾವಾಗಲೂ ಇಡಿ. ಸ್ಕರ್ಟು, ಶಾರ್ಟ್ಸ್ ಗಾಢ ಬಣ್ಣದಲ್ಲಿರಲಿ ಎಂದು ನಾನು ಹೇಳುವುದಕ್ಕೆ ಮುಟ್ಟಿನ ದಿನಗಳೂ ಒಂದು ಕಾರಣ. ಬಿಳಿ ಶಾರ್ಟ್ಸ್ ಹಾಕಿಸಿ ಹುಡುಗಿಯನ್ನು ಆ ಭಯದಲ್ಲಿ ಜಿಗಿಸಬಾರದು.

ಒಗೆಯುವಾಗ ತಣ್ಣೀರು, ಸ್ವಲ್ಪ ಸೋಪು, ಒಳಮೈ ಹೊರಗೆ ಮಾಡಿ. ಬ್ಲೀಚ್ ಲೈಕ್ರಾವನ್ನು ಹಾಳು ಮಾಡುತ್ತದೆ. ಕಂಫರ್ಟ್ ತರಹದ ಮೆದುಗೊಳಿಸುವ ದ್ರವ ಹಾಕಿದರೆ ಬೆವರು ಆರಿಸುವ ಗುಣ ಕಡಿಮೆಯಾಗುತ್ತದೆ. ಹಿಂಡದೆ ನೆರಳಿನಲ್ಲಿ ಒಣಗಿಸಿ, ಮುದ್ರಣದ ಮೇಲೆ ಇಸ್ತ್ರಿ ಬೇಡ. ಒದ್ದೆ ಸಮವಸ್ತ್ರ ಪ್ಲಾಸ್ಟಿಕ್ ಚೀಲದಲ್ಲಿ ಒಂದು ರಾತ್ರಿ ಉಳಿದರೂ ವಾಸನೆ ಹೋಗುವುದಿಲ್ಲ. ಸೀಸನ್ ಮುಗಿದ ಮೇಲೆ ಸಂಘದಲ್ಲೇ ಇಡುವುದಾದರೆ ಪೂರ್ತಿ ಒಣಗಿಸಿ, ಕಾಟನ್ ಚೀಲದಲ್ಲಿ ಹಾಕಿ, ಪ್ರತಿ ಚೀಲಕ್ಕೂ ಅಳತೆ ಬರೆದ ಚೀಟಿ ಹೊಲಿದುಬಿಡಿ. ಮಳೆಗಾಲದಲ್ಲಿ ಕಪಾಟಿಗೆ ಬೂಸಲು ಬರುತ್ತದೆ, ಜುಲೈ ಆಗಸ್ಟಿನಲ್ಲಿ ಬಿಸಿಲು ಬಂದ ದಿನ ಒಮ್ಮೆ ಹೊರಗೆ ತೆಗೆದು ಗಾಳಿಗೆ ಹರವಿ. ಉಳಿದ ಬಟ್ಟೆಯ ತುಂಡು, ಥಾನಿನ ಬಣ್ಣದ ನಂಬರು, ಅಂಗಡಿಯ ಚೀಟಿ ಅದೇ ಕಪಾಟಿನಲ್ಲಿ ಇಡಿ. ಮುಂದಿನ ವರ್ಷ ಇಬ್ಬರು ಹೊಸಬರು ಸೇರಿದರೆ ಅದೇ ಬಣ್ಣ ಹುಡುಕಲು ಅದು ಬೇಕಾಗುತ್ತದೆ.